ಎರಡು ಸಲ ಔಷಧಿ ಹಾಕಿದರೂ ಹೇನು ಹೋಗುತ್ತಿಲ್ಲ, ಸರಿಯಾದ ಕ್ರಮ ಹೇಳಿ

ಯಲ್ಲಾಪುರ ಪಾಲಕಿ

ಮಗಳಿಗೆ 9 ವರ್ಷ, ಸೊಂಟದವರೆಗೆ ದಟ್ಟ ಕೂದಲು. ಪರ್ಮೆಥ್ರಿನ್ 1% ಲೋಷನ್, 60 ಮಿ.ಲೀ. ಬಾಟ್ಲಿ ಒಂದನ್ನು ಅರ್ಧರ್ಧ ಮಾಡಿ ಎರಡು ಸಲ ಹಾಕಿ ಆಯ್ತು. ನಡುವೆ ನಾಲ್ಕು ದಿನ ಬಿಟ್ಟಿದ್ದು. ಹಾಕಿದ ದಿನ ಸತ್ತ ಹೇನು ಬೀಳುತ್ತವೆ, ವಾರ ತುಂಬುವುದರೊಳಗೆ ಮತ್ತೆ ಸಣ್ಣ ಸಣ್ಣ ಮರಿ ಓಡಾಡುತ್ತವೆ. ಕಿವಿ ಹಿಂದೆ ಸೀರು ಸಾಲುಗಟ್ಟಿವೆ. ಮನೆಯಲ್ಲಿ 4 ವರ್ಷದ ಮಗ, ಏಳು ತಿಂಗಳ ಬಸುರಿ ನಾದಿನಿ, ಅತ್ತೆ ಇದ್ದಾರೆ. ಮಕ್ಕಳು ಅತ್ತೆಯ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ. ಮೂರನೇ ಸಲ ಹಾಕಬಹುದೇ? ಎಲ್ಲರಿಗೂ ಹಾಕಬೇಕೇ? ಸೀಮೆಎಣ್ಣೆ ಹಚ್ಚಿ ಬಟ್ಟೆ ಕಟ್ಟಿ ಎನ್ನುವವರೂ ಇದ್ದಾರೆ, ಸೀತಾಫಲದ ಬೀಜ ಅರೆದು ಹಚ್ಚಿ ಎನ್ನುವವರೂ ಇದ್ದಾರೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಹೊನ್ನಾವರ ಔಷಧಿ ಅಂಗಡಿ

ಮೊದಲು ನಾಲ್ಕು ಪ್ರಶ್ನೆ ಅಕ್ಕಾ. ಹಾಕುವಾಗ ತಲೆಯಲ್ಲಿ ಕೊಬ್ಬರಿ ಎಣ್ಣೆ ಇತ್ತಾ? ಕಂಡಿಷನರ್ ಬಳಸಿದ್ರಾ? ಕೂದಲಿನಿಂದ ನೀರು ತೊಟ್ಟಿಕ್ಕುವಾಗಲೇ ಹಚ್ಚಿದ್ರಾ? ಆಮೇಲೆ ತಲೆ ಮೀಸಿದ್ದು ಯಾವಾಗ?

ಯಲ್ಲಾಪುರ ಪಾಲಕಿ

ಬೆಳಿಗ್ಗೆ ಶಾಲೆಗೆ ಕಳಿಸುವಾಗ ಹಚ್ಚಿದ ಎಣ್ಣೆ ಹಾಗೇ ಇತ್ತು. ಕಂಡಿಷನರ್ ಸೇರಿರುವ ಶಾಂಪೂ. ನೀರು ತೊಟ್ಟಿಕ್ಕುತ್ತಿತ್ತು. ಮಾರನೇ ದಿನವೇ ತಲೆ ತೊಳೆದೆವು.

ಹೊನ್ನಾವರ ಔಷಧಿ ಅಂಗಡಿ

ಹಾಗಿದ್ದರೆ ಹಚ್ಚಿದ ರೀತಿಯಲ್ಲೇ ತೊಂದರೆ ಇದೆ. ಕರಾವಳಿಯಲ್ಲಿ ಹೇನಿನ ಔಷಧಿ ಕೆಲಸ ಮಾಡಲಿಲ್ಲ ಎಂದು ಬರುವವರಲ್ಲಿ ಹೆಚ್ಚಿನವರದ್ದು ಇದೇ ಕಥೆ. ಎಣ್ಣೆಯಾಗಲಿ ಕಂಡಿಷನರ್ ಆಗಲಿ ಕೂದಲ ಮೇಲೆ ಪದರ ಕಟ್ಟುತ್ತದೆ, ಅದರ ಮೇಲೆ ಪರ್ಮೆಥ್ರಿನ್ ಹಿಡಿಯುವುದಿಲ್ಲ. ನೀರು ತುಂಬಿದ ಕೂದಲಲ್ಲಿ ಔಷಧಿ ತೆಳ್ಳಗಾಗಿ ಹರಿದುಹೋಗುತ್ತದೆ. ಇನ್ನು 30 ಮಿ.ಲೀ. ಎಂದರೆ ಸೊಂಟದವರೆಗಿನ ಕೂದಲಿಗೆ ಏನೂ ಅಲ್ಲ. ಮೇಲ್ಮೇಲೆ ಒದ್ದೆಯಾಗುತ್ತದೆ, ಬುಡಕ್ಕೆ ಇಳಿಯುವುದಿಲ್ಲ. ಹೇನು ಇರುವುದು ಬುಡದಲ್ಲಿ.

ಕ್ರಮ ಹೀಗೆ. ಹಿಂದಿನ ಸಂಜೆಯೇ ಸಾದಾ ಶಾಂಪೂ ಹಾಕಿ ಎಣ್ಣೆ ಪೂರ್ತಿ ತೆಗೆಯಿರಿ. ಜಿಡ್ಡು ಜಾಸ್ತಿ ಇದ್ದರೆ ಎರಡು ಸಲ. ರಾತ್ರಿ ಎಣ್ಣೆ ಬೇಡ. ಮಾರನೇ ದಿನ ಇನ್ನೊಮ್ಮೆ ಸಾದಾ ಶಾಂಪೂವಿನಿಂದ ತೊಳೆದು, ಟವೆಲಿನಲ್ಲಿ ಒತ್ತಿ ಒತ್ತಿ ನೀರು ತೆಗೆಯಿರಿ. ಮುಟ್ಟಿದರೆ ತೇವ ಗೊತ್ತಾಗಬೇಕು, ಹಿಂಡಿದರೆ ಹನಿ ಬೀಳಬಾರದು. ಭುಜದವರೆಗಿನ ಕೂದಲಿಗೆ ಒಂದು ಬಾಟ್ಲಿ ಸಾಕು, ನಿಮ್ಮ ಮಗಳಿಗೆ ಒಂದು ಸಲಕ್ಕೇ ಎರಡು ಬಾಟ್ಲಿ, ಅಂದರೆ 120 ಮಿ.ಲೀ. ಬೇಕು. ಕತ್ತಿನ ಹಿಂದೆ ಮತ್ತು ಕಿವಿಗಳ ಹಿಂದೆ ಶುರು ಮಾಡಿ, ಬೈತಲೆ ಬಿಡಿಸುತ್ತಾ ಬುಡಬುಡಕ್ಕೆ ಹಚ್ಚಿ ಆಮೇಲೆ ತುದಿಯ ಕಡೆ ಎಳೆಯಿರಿ. ಮಡಚಿದ ಬಟ್ಟೆಯನ್ನು ಕಣ್ಣಿಗೆ ಅವಳೇ ಒತ್ತಿ ಹಿಡಿದುಕೊಳ್ಳಲಿ. ಗಡಿಯಾರ ನೋಡಿ 10 ನಿಮಿಷ. ರಾತ್ರಿಯಿಡೀ ಬಿಟ್ಟರೆ ಹೆಚ್ಚು ಸಾಯುತ್ತವೆ ಎಂಬುದು ಸುಳ್ಳು, ಚರ್ಮ ಉರಿಯುತ್ತದೆ ಅಷ್ಟೆ.

ತೊಳೆಯುವಾಗ ಮಣೆ ಮೇಲೆ ಕೂರಿಸಿ ಹಂಡೆಯ ಬಿಸಿನೀರು ನೆತ್ತಿಗೆ ಹೊಯ್ಯಬೇಡಿ. ಔಷಧಿ ಮೈಮೇಲೆಲ್ಲ ಇಳಿಯುತ್ತದೆ, ಬಿಸಿಗೆ ಚರ್ಮ ಅದನ್ನು ಹೆಚ್ಚು ಹೀರುತ್ತದೆ. ತಲೆ ಮುಂದಕ್ಕೆ ಬಗ್ಗಿಸಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಆಮೇಲೆ ಎರಡು ದಿನ ತಲೆ ಮೀಸಬೇಡಿ. ಎರಡನೇ ಸಲ 9ನೇ ದಿನ. ನಾಲ್ಕನೇ ದಿನ ಹಾಕಿದ್ದು ವ್ಯರ್ಥ ಯಾಕೆ ಎಂಬುದನ್ನು ಬೇರೆಯವರು ಹೇಳುತ್ತಾರೆ.

ನೀವು ಈಗಾಗಲೇ ಎರಡು ಸಲ ಹಾಕಿದ್ದರಿಂದ ಮೂರನೆಯದನ್ನು ಸುಮ್ಮನೆ ತಂದು ಹಾಕಬೇಡಿ, ಒಮ್ಮೆ ವೈದ್ಯರನ್ನು ಕೇಳಿ. ಅಂಗಡಿಯಲ್ಲಿ ಕೇಳುವಾಗ 1% ಎಂದೇ ಕೇಳಿ. 5% ಬರುವ ಕ್ರೀಮು ಕಜ್ಜಿಗೆ, ತಲೆಹೇನಿಗಲ್ಲ. ಹಳೇ ಚೀಟಿಯಲ್ಲಿ ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್ ಎಂದಿದ್ದರೆ ಅದನ್ನು ಮಕ್ಕಳಿಗೆ ಹಚ್ಚಬೇಡಿ. ಅದು ನರಗಳಿಗೆ ವಿಷ, ಮಕ್ಕಳಲ್ಲಿ ಫಿಟ್ಸ್ ತರಬಹುದು.

ಕಾರವಾರ ನರ್ಸ್

ನಾಲ್ಕನೇ ದಿನದ ಲೆಕ್ಕ ಇದು. ಹೆಣ್ಣು ಹೇನು ದಿನಕ್ಕೆ 8ರವರೆಗೂ ಮೊಟ್ಟೆ ಇಡುತ್ತದೆ, ತಲೆಯ ಮೇಲೆ ಸುಮಾರು 30 ದಿನ ಬದುಕುತ್ತದೆ. ಮೊಟ್ಟೆಯನ್ನು ಕೂದಲಿಗೆ ಅಂಟಿಸುವುದು ಬುಡದಿಂದ 6 ಮಿ.ಮೀ. ಒಳಗೆ, ಯಾಕೆಂದರೆ ತಲೆಯ ಶಾಖ ಬೇಕು. ಅದು ಒಡೆಯಲು ಒಂದು ವಾರದಿಂದ ಹತ್ತು ದಿನ. ಹೊರಬಂದ ಮರಿ ಬಲಿತು ತಾನೇ ಮೊಟ್ಟೆ ಇಡುವ ಹೊತ್ತಿಗೆ ಇನ್ನೊಂದು ಒಂಬತ್ತರಿಂದ ಹನ್ನೆರಡು ದಿನ. ಪರ್ಮೆಥ್ರಿನ್ ಓಡಾಡುವ ಹೇನನ್ನು ಕೊಲ್ಲುತ್ತದೆ, ಸೀರನ್ನು ಕೊಲ್ಲುವುದಿಲ್ಲ. ಮೊದಲ ದಿನ ಹಾಕಿದ್ದು ದೊಡ್ಡವನ್ನು ತೆಗೆಯಿತು. ನಾಲ್ಕನೇ ದಿನ ಹಾಕಿದಾಗ ಹೆಚ್ಚಿನ ಸೀರು ಇನ್ನೂ ಒಡೆದೇ ಇರಲಿಲ್ಲ. ಅವೇ ಈಗ ಮರಿಯಾಗಿ ಓಡಾಡುತ್ತಿರುವುದು. 9ನೇ ದಿನಕ್ಕೆ ಹಾಕಿದರೆ ಹೆಚ್ಚುಕಡಿಮೆ ಎಲ್ಲವೂ ಒಡೆದಿರುತ್ತವೆ, ಯಾವ ಮರಿಯೂ ಮೊಟ್ಟೆ ಇಡುವಷ್ಟು ದೊಡ್ಡದಾಗಿರುವುದಿಲ್ಲ. ಆ ಸಂದಿಯಲ್ಲಿ ಹಿಡಿಯಬೇಕು.

ಶಾಲೆ ಶುರುವಾದ ಮೇಲೆ ಹತ್ತಿದ್ದು ಎಂದುಕೊಳ್ಳಬೇಡಿ. ಮೊದಲ ಸಲ ಹೇನು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಮೇ ತಿಂಗಳ ಮದುವೆ ಮನೆಯಲ್ಲಿ ಮಕ್ಕಳೆಲ್ಲ ಒಂದೇ ಚಾಪೆಯಲ್ಲಿ ಮಲಗಿದ್ದು ಜೂನ್ ಕೊನೆಗೆ ಗೊತ್ತಾಗುತ್ತದೆ.

ಬಸುರಿ ನಾದಿನಿಗೆ ಹೇನು ಕಂಡರೆ ಮೊದಲು ಬಾಚುವ ವಿಧಾನ, ಔಷಧಿ ಬೇಕೇ ಎಂಬುದು ಅವರನ್ನು ನೋಡುವ ವೈದ್ಯರ ತೀರ್ಮಾನ. 4 ವರ್ಷದವನಿಗೆ ಪರ್ಮೆಥ್ರಿನ್ ಹಾಕಬಹುದು, ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ ಮಾತ್ರ ಇಲ್ಲ. ಎಲ್ಲರ ತಲೆಯನ್ನೂ ಒಂದೇ ದಿನ ನೋಡಿ. ಓಡಾಡುವ ಹೇನು ಸಿಕ್ಕವರಿಗೆ ಔಷಧಿ ಅಥವಾ ಬಾಚಣಿಗೆ, ಅವರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವವರಿಗೂ ಅದೇ ದಿನ. ಉಳಿದವರನ್ನು ಎರಡು ಮೂರು ದಿನಕ್ಕೊಮ್ಮೆ ನೋಡುತ್ತಿದ್ದರೆ ಸಾಕು.

ಶಿರಸಿ ತೋಟದಮನೆ

ನಾನು ಬಾಚುವುದರ ಬಗ್ಗೆ ಬರೆಯುತ್ತೇನೆ. ಔಷಧಿ ಹಾಕಿದರೂ ಹಾಕದಿದ್ದರೂ ಇದನ್ನು ಬಿಟ್ಟರೆ ಹೇನು ಮುಗಿಯುವುದಿಲ್ಲ. ಒಣ ತಲೆಯಲ್ಲಿ ಬಾಚಿದರೆ ಹೇನು ಸರಸರ ಓಡಿ ತಪ್ಪಿಸಿಕೊಳ್ಳುತ್ತದೆ. ಒದ್ದೆಯಾಗಿ, ಜಾರುವ ಪದಾರ್ಥ ಹಚ್ಚಿದ ಕೂದಲಿನಲ್ಲಿ ಇದ್ದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಆಗ ಬಾಚಣಿಗೆಗೆ ಸಿಗುತ್ತದೆ.

ಜಾರುವ ಪದಾರ್ಥ ಎಂದರೆ ಅಂಗಡಿಯ ಅಗ್ಗದ ಕಂಡಿಷನರ್ ಆದೀತು, ಉದ್ದ ಕೂದಲಿಗೆ ಅರ್ಧ ಲೋಟ. ಔಷಧಿ ಹಚ್ಚುವ ದಿನ ಮಾತ್ರ ಕಂಡಿಷನರ್ ಬೇಡ, ಬಾಚುವ ದಿನಗಳಲ್ಲಿ ಅದೇ ಸಹಾಯಕ್ಕೆ ಬರುವುದು. ನಮ್ಮಲ್ಲಿ ದಾಸವಾಳ ಸೊಪ್ಪಿನ ಗೊಂಪು ಇದಕ್ಕೆ ಚೆನ್ನಾಗಿ ಒದಗುತ್ತದೆ. ಎರಡು ಹಿಡಿ ಎಲೆಯನ್ನು ಒಂದು ಚೊಂಬು ಉಗುರುಬೆಚ್ಚಗಿನ ನೀರಿನಲ್ಲಿ ಕಿವುಚಿ, ಲೋಳೆ ಬಿಟ್ಟ ಮೇಲೆ ತೆಳು ಪಂಚೆಯಲ್ಲಿ ಸೋಸಿ. ಸೋಸದೆ ಹಾಕಿದರೆ ಎಲೆಯ ಚೂರು ಬಾಚಣಿಗೆಯ ಹಲ್ಲಿನ ನಡುವೆ ಕೂತು ಹೇನೋ ಎಲೆಯೋ ಗೊತ್ತಾಗುವುದಿಲ್ಲ. ಮತ್ತಿ ಸೊಪ್ಪಿನದ್ದೂ ಆಗುತ್ತದೆ. ಗೊಂಪು ಹೇನನ್ನು ಕೊಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ, ಬಾಚಣಿಗೆ ಜಾರಲು ಅದು ಬೇಕು.

ತಲೆ ತೊಳೆದು, ಕಂಡಿಷನರ್ ಅಥವಾ ಗೊಂಪು ತುಂಬ ಹಚ್ಚಿ, ದೊಡ್ಡ ಹಲ್ಲಿನ ಬಾಚಣಿಗೆಯಲ್ಲಿ ಮೊದಲು ಸಿಕ್ಕು ಬಿಡಿಸಿ. ಸಿಕ್ಕು ಉಳಿದರೆ ಮಗು ನೋವಿಗೆ ಎದ್ದು ಓಡುತ್ತದೆ, ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಕೂದಲನ್ನು ಆರು ಭಾಗ ಮಾಡಿ ಕ್ಲಿಪ್ ಹಾಕಿ. ಒಂದು ಭಾಗದಿಂದ ಎರಡು ಬೆರಳಗಲದ ಎಳೆ ತೆಗೆದುಕೊಂಡು, ಹೇನಿನ ಬಾಚಣಿಗೆಯ ಹಲ್ಲು ನೆತ್ತಿಯ ಚರ್ಮಕ್ಕೆ ತಾಗುವ ಹಾಗೆ ಇಟ್ಟು, ಒಂದೇ ಎಳೆತಕ್ಕೆ ತುದಿಯವರೆಗೆ. ಪ್ರತಿ ಎಳೆತಕ್ಕೂ ಬಾಚಣಿಗೆಯನ್ನು ಬಿಳೀ ಬಟ್ಟೆಗೆ ಒರೆಸಿ ನೋಡಬೇಕು. ದೊಡ್ಡ ಹೇನು ಎಳ್ಳಿನಷ್ಟು, ಕಂದು ಬಣ್ಣ, ಬಟ್ಟೆಯ ಮೇಲೆ ಕಾಲು ಆಡಿಸುತ್ತದೆ. ಈಗಷ್ಟೇ ಒಡೆದ ಮರಿ ಗಸಗಸೆಗಿಂತ ಸ್ವಲ್ಪ ದೊಡ್ಡದು, ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಹೊಟ್ಟೆಯಲ್ಲಿ ರಕ್ತ ಇದ್ದರೆ ಮಾತ್ರ ನಡುವೆ ಕೆಂಪು ಚುಕ್ಕೆ. ಕನ್ನಡಕ ಇರುವವರು ಹಾಕಿಕೊಂಡೇ ಕೂರಿ. ಈ ಮರಿಯನ್ನು ಬಿಟ್ಟರೆ ಹದಿನೈದು ದಿನಕ್ಕೆ ಮತ್ತೆ ಮೊದಲಿನಿಂದ.

ಪ್ರತಿ ಎಳೆಗೂ ಎರಡು ಸಲ, ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ. ಇಡೀ ತಲೆ ಮುಗಿದ ಮೇಲೆ ತೊಳೆದು, ಬರೀ ಒದ್ದೆ ಕೂದಲಲ್ಲಿ ಇನ್ನೊಂದು ಸುತ್ತು. ಗಿಡ್ಡ ಕೂದಲಿಗೆ ಹತ್ತು ನಿಮಿಷ ಸಾಕು, ನಿಮ್ಮ ಮಗಳ ಕೂದಲಿಗೆ ಒಂದು ತಾಸು ಇಟ್ಟುಕೊಳ್ಳಿ. ಸಂಜೆ ಲೈಟಿನ ಕೆಳಗೆ ಬೇಡ, ಜಗಲಿಯಲ್ಲಿ ಹಗಲು ಬೆಳಕಿಗೆ ಬೆನ್ನು ಮಾಡಿ ಕೂರಿಸಿ.

ದಿನಗಳು: 1, 5, 9, 13. ಆಮೇಲೆ 17ನೇ ದಿನ ಪರೀಕ್ಷೆಗಾಗಿ ಒಮ್ಮೆ. ಭಾನುವಾರ ಶುರು ಮಾಡಿದರೆ ಗುರುವಾರ, ಸೋಮವಾರ, ಶುಕ್ರವಾರ, ಕೊನೆಗೆ ಮಂಗಳವಾರ. ನಾಲ್ಕು ದಿನಕ್ಕೊಮ್ಮೆ ಬಾಚಿದರೆ ಒಡೆದ ಮರಿ ಬಲಿಯುವ ಮೊದಲೇ ಸಿಗುತ್ತದೆ. ಒಂದು ದಿನ ತಪ್ಪಿದರೂ ಆ ಬೇಲಿಯಲ್ಲಿ ಕಂಡಿ ಬಿದ್ದ ಹಾಗೆ.

ಭಟ್ಕಳ ಮಲ್ಲಿಗೆ

ಕೆಲವು ಮನೆಗಳಲ್ಲಿ ಹೆಂಗಸರು, ಹೆಣ್ಣುಮಕ್ಕಳು ತಲೆ ಮೀಯುವುದು ಮಂಗಳವಾರ, ಶುಕ್ರವಾರ ಮಾತ್ರ. ಸೋಮವಾರ, ಗುರುವಾರ ಎಂದರೆ ಅಜ್ಜಿಯರು ಒಪ್ಪುವುದಿಲ್ಲ. ಅಂಥ ಕಡೆ ಹೇಗೆ?

ಶಿರಸಿ ತೋಟದಮನೆ

ಮಂಗಳವಾರ ಶುಕ್ರವಾರವೇ ಮಾಡಿ ತಂಗಿ, ಲೆಕ್ಕ ಸರಿಹೋಗುತ್ತದೆ. ಮಂಗಳವಾರ 1ನೇ ದಿನ. ಶುಕ್ರವಾರ 4, ಮುಂದಿನ ಮಂಗಳವಾರ 8, ಶುಕ್ರವಾರ 11, ಮಂಗಳವಾರ 15, ಪರೀಕ್ಷೆ 18ನೇ ದಿನ ಶುಕ್ರವಾರ. ಎಲ್ಲೂ ನಾಲ್ಕು ದಿನಕ್ಕಿಂತ ಹೆಚ್ಚು ಅಂತರ ಬೀಳುವುದಿಲ್ಲ, ಒಂದು ಬಾಚುವಿಕೆ ಹೆಚ್ಚೇ ಆಗುತ್ತದೆ. ಔಷಧಿ ಹಾಕುವವರಿಗೂ ಮಂಗಳವಾರದಿಂದ ಮುಂದಿನ ಮಂಗಳವಾರ ನಡೆಯುತ್ತದೆ, ಆದರೆ ನಡುವಿನ ಶುಕ್ರವಾರ ಶಾಂಪೂ ಕಂಡಿಷನರ್ ಇಲ್ಲದೆ ಬರೀ ನೀರಿನಲ್ಲಿ ಒದ್ದೆ ಮಾಡಿ ಬಾಚಿ.

ಅಂಕೋಲಾ ಕ್ಷೌರದಂಗಡಿ

ಬಾಚಣಿಗೆ ಸರಿ ಇಲ್ಲದಿದ್ದರೆ ಮೇಲಿನದೆಲ್ಲ ದಂಡ. ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಸೀರಣಿಗೆಯ ಹಲ್ಲು ದಟ್ಟ ಕೂದಲಿಗೆ ಹೋದ ಕೂಡಲೇ ಅಗಲವಾಗಿ ಬಾಗುತ್ತದೆ, ಹೇನು ಸಲೀಸಾಗಿ ಪಾರಾಗುತ್ತದೆ. ಎರಡು ಬದಿ ಹಲ್ಲಿರುವ ಹಳೇ ಮರದ ಸೀರಣಿಗೆ ಒಣ ತಲೆಗೆ ಒಳ್ಳೆಯದು, ನೀರಿಗೆ ಉಬ್ಬಿ ಹಲ್ಲು ಸಿಗಿಯುತ್ತದೆ. ಉದ್ದ ಹಲ್ಲಿನ ಸ್ಟೀಲ್ ಬಾಚಣಿಗೆ ತೆಗೆದುಕೊಳ್ಳಿ. ಹಲ್ಲಿನ ನಡುವಿನ ಸಂದು 0.2ರಿಂದ 0.3 ಮಿ.ಮೀ. ಇರಬೇಕು. ಸೀರಿನ ಅಗಲವೇ ಸುಮಾರು 0.3 ಮಿ.ಮೀ. ಅಂಗಡಿಯಲ್ಲಿ ಅಳೆಯಲು ಆಗುವುದಿಲ್ಲ, ಅದಕ್ಕೆ ದಪ್ಪ ವಿಸಿಟಿಂಗ್ ಕಾರ್ಡಿನ ಅಂಚನ್ನು ಹಲ್ಲುಗಳ ನಡುವೆ ತೂರಿಸಿ ನೋಡಿ. ಸಡಿಲವಾಗಿ ಓಡಾಡಿದರೆ ಬೇಡ. ಬೆಳಕಿಗೆ ಹಿಡಿದು ನೋಡಿದರೆ ಹಲ್ಲುಗಳು ತುದಿಯವರೆಗೂ ಸಮಾನಾಂತರವಾಗಿ ಕಾಣಬೇಕು. ಒಂದು ಹಲ್ಲು ಬಾಗಿದ್ದರೂ ಅಲ್ಲಿಂದ ಹೇನು ಪಾರು.

ತಲೆ ಬೋಳಿಸಿ ಎಂದು ಹೆಣ್ಣುಮಕ್ಕಳನ್ನು ಕರೆತರುವವರಿದ್ದಾರೆ. ದಯವಿಟ್ಟು ಬೇಡ. ಭುಜದವರೆಗೆ ಕತ್ತರಿಸಿದರೆ ಔಷಧಿ ಕಡಿಮೆ ಸಾಕು, ಬಾಚುವ ಹೊತ್ತೂ ಅರ್ಧ ಆಗುತ್ತದೆ. ಮಗು ಒಪ್ಪಿದರೆ ಅಷ್ಟು ಮಾಡಿ. ಒಪ್ಪದಿದ್ದರೆ ಹಾಗೇ ಬಿಡಿ, ಉದ್ದ ಕೂದಲಲ್ಲೂ ಹೋಗುತ್ತದೆ.

ಮುಂಡಗೋಡ ರೈತ

ಇಷ್ಟೆಲ್ಲ ಯಾಕೆ? ಸೀಮೆಎಣ್ಣೆ ಒಂದು ಸಲ ಹಚ್ಚಿ ಅರ್ಧ ತಾಸು ಬಿಟ್ಟರೆ ಒಂದೂ ಉಳಿಯುವುದಿಲ್ಲ. ಹಿಂದಿನವರು ಮಾಡಿದ್ದು ಅದೇ. ಸೀತಾಫಲದ ಬೀಜವೂ ಅಷ್ಟೇ ಒಳ್ಳೆಯದು.

ಕಾರವಾರ ನರ್ಸ್

ಅಣ್ಣಾ, ಇದನ್ನು ಇಲ್ಲಿಗೇ ನಿಲ್ಲಿಸಬೇಕು, ಓದಿದವರು ಮಾಡಿಬಿಡುತ್ತಾರೆ. ಸೀಮೆಎಣ್ಣೆ ಹಚ್ಚಿದ ತಲೆಯನ್ನು ತೊಳೆಯುವುದು ಎಲ್ಲಿ? ಬಚ್ಚಲುಮನೆಯಲ್ಲಿ. ಅಲ್ಲಿ ಹಂಡೆಯ ಕೆಳಗೆ ಒಲೆ ಉರಿಯುತ್ತಿರುತ್ತದೆ, ಮಗು ಕೂರುವುದು ಅದರಿಂದ ಒಂದು ಮಾರು ದೂರದಲ್ಲಿ. ಮುಚ್ಚಿದ ಬಚ್ಚಲಿನಲ್ಲಿ ಸೀಮೆಎಣ್ಣೆಯ ಆವಿ ತುಂಬಿಕೊಂಡು ಕೂದಲಿಗೆ ಬೆಂಕಿ ಹತ್ತಲು ಒಂದು ಕಿಡಿ ಸಾಕು. ಬೆಂಕಿ ಹತ್ತದಿದ್ದರೂ ಬಟ್ಟೆ ಕಟ್ಟಿದ ತಲೆಯ ಚರ್ಮ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಮುಖದ ಮೇಲೆ ಇಳಿದು ಬಾಯಿಗೆ ಹೋಗಿ ಶ್ವಾಸಕೋಶಕ್ಕೆ ಸೇರಿದರೆ ನ್ಯುಮೋನಿಯಾ. ಅಕಸ್ಮಾತ್ ನುಂಗಿದ್ದರೆ ವಾಂತಿ ಮಾಡಿಸಬೇಡಿ, ವಾಂತಿಯಲ್ಲೇ ಅದು ಶ್ವಾಸಕೋಶಕ್ಕೆ ಹೋಗುವುದು. ನೇರ ಆಸ್ಪತ್ರೆಗೆ. ಇಷ್ಟು ಮಾಡಿಯೂ ಸೀರು ಹಾಗೇ ಉಳಿದಿರುತ್ತದೆ.

ಸೀತಾಫಲದ ಬೀಜದ ಪುಡಿಗೆ ಹೇನು ಸಾಯುವುದು ನಿಜ. ಅದೇ ಪುಡಿಯ ನೀರು ಕಣ್ಣಿಗೆ ಇಳಿದರೆ ಕರಿಗುಡ್ಡೆಯ ಮೇಲಿನ ಪದರ ಕಿತ್ತುಬರುತ್ತದೆ. ಕೆಲವು ಗಂಟೆಗಳ ನಂತರ ಕಣ್ಣು ಕೆಂಪಾಗಿ, ತೆರೆಯಲಾಗದಷ್ಟು ಉರಿ, ನೋಟ ಮಸುಕು. ಇದು ನಮ್ಮ ದೇಶದ ಕಣ್ಣಾಸ್ಪತ್ರೆಗಳಲ್ಲೇ ದಾಖಲಾಗಿರುವ ಸಂಗತಿ. ಆಗಿದ್ದರೆ ಹದಿನೈದು ನಿಮಿಷ ಧಾರೆ ನೀರಿನಲ್ಲಿ ತೊಳೆದು ಕಣ್ಣಿನ ವೈದ್ಯರ ಹತ್ತಿರ ಹೋಗಿ, ಎದೆಹಾಲು ಜೇನುತುಪ್ಪ ಏನೂ ಹಾಕಬೇಡಿ.

ಹೊನ್ನಾವರ ಔಷಧಿ ಅಂಗಡಿ

ಇನ್ನೊಂದು ಮಾತು ಸೇರಿಸಲೇಬೇಕು. ಮೆಲಾಥಿಯಾನ್ 0.5% ಲೋಷನ್ ಬೇರೆ ದೇಶಗಳಲ್ಲಿ ಹೇನಿಗೆ ಇದೆ. ಅದನ್ನು ಮೊಬೈಲಿನಲ್ಲಿ ಓದಿಕೊಂಡು ಗದ್ದೆಗೆ ಹೊಡೆಯುವ ಮೆಲಾಥಿಯಾನನ್ನು ನೀರಿಗೆ ಬೆರೆಸಿ ತಲೆಗೆ ಹಚ್ಚಬಹುದಾ ಎಂದು ಕೇಳುವವರಿದ್ದಾರೆ. ಗದ್ದೆಯ ಡಬ್ಬಿಯಲ್ಲಿ 50% ಇರುತ್ತದೆ, ಜೊತೆಗೆ ಚರ್ಮಕ್ಕೆ ಆಗದ ದ್ರಾವಕಗಳು. ಮಗುವಿನ ಜೀವ ಹೋಗಬಹುದು. ತೋಟಕ್ಕೆ, ದನದ ಉಣ್ಣೆಗೆ, ನಾಯಿಯ ಉಣ್ಣೆಗೆ ತಂದ ಯಾವ ಔಷಧಿಯೂ ತಲೆಗೆ ಬೇಡ. ದಿಂಬಿನ ಕೆಳಗೆ ನುಸಿ ಗುಳಿಗೆ ಇಡುವುದೂ ಬೇಡ.

ಮುಂಡಗೋಡ ರೈತ

ಬೆಂಕಿಯ ವಿಷಯ ಯೋಚಿಸಿರಲಿಲ್ಲ, ಒಪ್ಪಿದೆ. ಬೇವಿನ ಎಣ್ಣೆ, ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಆದರೂ ಹಚ್ಚಬಹುದಲ್ಲ?

ಶಿರಸಿ ತೋಟದಮನೆ

ಬೇವಿನ ಎಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಸೇರಿಸಿ ರಾತ್ರಿ ಹಚ್ಚಿ ಬೆಳಿಗ್ಗೆ ಬಾಚಿದರೆ ತೊಂದರೆ ಏನಿಲ್ಲ, ಜಾರುವುದಕ್ಕೆ ಅದೂ ಸಹಾಯ. ಒಂದು ಚಮಚ ಬೇವಿನದ್ದಕ್ಕೆ ಐದು ಚಮಚ ಕೊಬ್ಬರಿಯದ್ದು. ಆದರೆ ಅದನ್ನೇ ನಂಬಿ ಬಾಚುವುದನ್ನು ಬಿಡಬೇಡಿ. ಎಣ್ಣೆಯಲ್ಲಿ ಮುಳುಗಿದ ಹೇನು ಸತ್ತ ಹಾಗೆ ಬಿದ್ದಿರುತ್ತದೆ, ತೊಳೆದ ಮೇಲೆ ಎದ್ದು ಓಡುತ್ತದೆ. ಉಸಿರಿನ ರಂಧ್ರ ಮುಚ್ಚಿಕೊಂಡು ಗಂಟೆಗಟ್ಟಲೆ ಇರುವ ಶಕ್ತಿ ಅದಕ್ಕಿದೆ. ಹೊಳೆಯಲ್ಲಿ, ಸಮುದ್ರದಲ್ಲಿ ಮುಳುಗಿ ಎದ್ದರೂ ಹೇನು ಹೋಗದಿರುವುದು ಅದಕ್ಕೇ.

ಕರ್ಪೂರ ಬೇಡ. ಚಿಕ್ಕ ಮಕ್ಕಳು ಸ್ವಲ್ಪ ನುಂಗಿದರೂ ಫಿಟ್ಸ್ ಬರುತ್ತದೆ, 4 ವರ್ಷದವನು ಇರುವ ಮನೆಯಲ್ಲಿ ಬಟ್ಟಲಲ್ಲಿ ಕರ್ಪೂರದ ಎಣ್ಣೆ ಇಡುವುದೇ ತಪ್ಪು.

ಹೊನ್ನಾವರ ಔಷಧಿ ಅಂಗಡಿ

ಎಣ್ಣೆಯ ದಾರಿಯೇ ಬೇಕೆನ್ನುವವರಿಗೆ ಡೈಮೆಥಿಕೋನ್ ಲೋಷನ್ ಇದೆ. ಅದೊಂದು ಬಗೆಯ ಸಿಲಿಕೋನ್ ಎಣ್ಣೆ, ಹೇನಿನ ಮೈಗೆ ಹೊದಿಕೆಯಾಗಿ ಕೂತು ರಂಧ್ರಗಳನ್ನು ಮುಚ್ಚುತ್ತದೆ. ಕೀಟನಾಶಕ ಅಲ್ಲದ್ದರಿಂದ ಹೇನು ಅದಕ್ಕೆ ಒಗ್ಗಿಕೊಳ್ಳುವ ಪ್ರಶ್ನೆಯಿಲ್ಲ. ಒಣ ಕೂದಲಿಗೆ ಹಚ್ಚಬೇಕು, 4% ಲೋಷನ್ ಆದರೆ 8 ಗಂಟೆ ಬಿಡಬೇಕು, 7 ದಿನದ ನಂತರ ಮತ್ತೆ. ಬೇರೆ ಬೇರೆ ತಯಾರಿಕೆಗೆ ಹೊತ್ತು ಬೇರೆ, ಪೊಟ್ಟಣದ ಮೇಲೆ ನೋಡಿ. ಇದೂ ಬೆಂಕಿ ಹಿಡಿಯುವ ವಸ್ತು, ಹಚ್ಚಿದ ತಲೆಯಲ್ಲಿ ಒಲೆ, ದೀಪದ ಹತ್ತಿರ ಹೋಗಬಾರದು.

ಸಿದ್ದಾಪುರ ತಾಯಿ

ಹೇನಿನ ಔಷಧಿಗೆ ಈಗಿನ ಹೇನು ಜಗ್ಗುವುದಿಲ್ಲ ಎನ್ನುತ್ತಾರಲ್ಲ, ಅದನ್ನು ತಿಳಿಯುವುದು ಹೇಗೆ?

ಹೊನ್ನಾವರ ಔಷಧಿ ಅಂಗಡಿ

ಪರ್ಮೆಥ್ರಿನ್‌ಗೆ ಬಗ್ಗದ ಹೇನು ಹಲವು ದೇಶಗಳಲ್ಲಿ ಕಂಡಿವೆ. ತಿಳಿಯುವುದು ಹೀಗೆ: ಸರಿಯಾಗಿ ಹಚ್ಚಿ 8ರಿಂದ 12 ಗಂಟೆ ಕಳೆದ ಮೇಲೆ ಬಾಚಿ ನೋಡಿ. ಹೇನು ತೂಕಡಿಸುವ ಹಾಗೆ ನಿಧಾನ ಚಲಿಸುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ, ಮತ್ತೆ ಹಾಕಬೇಡಿ, ಬಾಚಿ ತೆಗೆಯಿರಿ. ಒಂದೂ ಸಾಯದೆ ಮೊದಲಿನಷ್ಟೇ ಚುರುಕಾಗಿ ಓಡಾಡಿದರೆ ಅದೇ ಔಷಧಿಯನ್ನು ದುಪ್ಪಟ್ಟು ಮಾಡಿ ಪ್ರಯೋಜನವಿಲ್ಲ, ವೈದ್ಯರು ಬೇರೆಯದನ್ನು ಬರೆಯುತ್ತಾರೆ. ಐವರ್‌ಮೆಕ್ಟಿನ್ ಮಾತ್ರೆ ಕೊಡುವುದುಂಟು: ಮೈತೂಕದ ಪ್ರತಿ ಕಿಲೋಗೆ 200 ಮೈಕ್ರೋಗ್ರಾಂ, 7ರಿಂದ 10 ದಿನಕ್ಕೆ ಇನ್ನೊಂದು ಸಲ. 15 ಕಿಲೋಗಿಂತ ಕಡಿಮೆ ತೂಗುವ ಮಕ್ಕಳಿಗೂ ಬಸುರಿಯರಿಗೂ ಅದನ್ನು ಕೊಡುವುದಿಲ್ಲ. ಮನೆಯಲ್ಲಿ ಉಳಿದ ಮಾತ್ರೆಯನ್ನು ಅಂದಾಜಿಗೆ ಕೊಡಬೇಡಿ. ಸೇವಂತಿಗೆ ಹೂವಿಗೆ ಅಲರ್ಜಿ ಇರುವವರು ಪೈರೆಥ್ರಿನ್ ಇರುವ ಔಷಧಿ ಹಾಕುವ ಮೊದಲೇ ಹೇಳಿಬಿಡಿ, ಅದು ಆ ಜಾತಿಯ ಹೂವಿನಿಂದಲೇ ಬರುವುದು.

ಭಟ್ಕಳ ಮಲ್ಲಿಗೆ

ಹಾಸಿಗೆ, ಬಟ್ಟೆ ಏನು ಮಾಡುವುದು? ಈ ಮಳೆಯಲ್ಲಿ ಕಂಬಳಿ ತೊಳೆದರೆ ಹದಿನೈದು ದಿನ ಒಣಗುವುದಿಲ್ಲ.

ಕಾರವಾರ ನರ್ಸ್

ಕಂಬಳಿ ತೊಳೆಯಲೇಬೇಡಿ. ತಲೆಯಿಂದ ಬಿದ್ದ ಹೇನು ರಕ್ತ ಸಿಗದೆ ಒಂದೆರಡು ದಿನಕ್ಕೆ ಸಾಯುತ್ತದೆ. ಉದುರಿದ ಕೂದಲಿನ ಸೀರು ತಲೆಯ ಶಾಖ ಇಲ್ಲದೆ ಒಡೆಯುವುದಿಲ್ಲ. ಕಂಬಳಿ, ಕೌದಿ, ಸ್ವೆಟರು, ಟೋಪಿಗಳನ್ನು ಕಟ್ಟಿ ಮೂರು ದಿನ ಬದಿಗಿಟ್ಟರೆ ಮುಗಿಯಿತು. ದಿಂಬಿನ ಚೀಲ, ಟವೆಲ್, ಔಷಧಿ ಹಾಕುವ ಹಿಂದಿನ ಎರಡು ದಿನ ತೊಟ್ಟ ಬಟ್ಟೆ, ರಿಬ್ಬನ್ನು ಇಷ್ಟನ್ನು 55 ಡಿಗ್ರಿಗಿಂತ ಬಿಸಿ ನೀರಿನಲ್ಲಿ ನೆನೆಸಿ. ಥರ್ಮಾಮೀಟರ್ ಬೇಡ, ಕುದಿಯುವ ನೀರು ಒಂದು ಪಾಲು, ಕೊಡದ ತಣ್ಣೀರು ಒಂದು ಪಾಲು ಸೇರಿಸಿದರೆ 60ರ ಆಸುಪಾಸು ನಿಲ್ಲುತ್ತದೆ. ಬಾಚಣಿಗೆಗಳನ್ನೂ ಅದರಲ್ಲೇ ಹತ್ತು ನಿಮಿಷ ಮುಳುಗಿಸಿ. ಮಕ್ಕಳನ್ನು ದೂರ ಇಡಿ, ಕೈ ಸುಡುವ ಬಿಸಿ ಅದು.

ಚಾಪೆ, ನೆಲ ಗುಡಿಸಿದರೆ ಸಾಕು. ಕೋಣೆಗೆ ಕೀಟನಾಶಕ ಸಿಂಪಡಿಸುವುದು ದುಡ್ಡೂ ದಂಡ, ಉಸಿರಿಗೂ ಕೆಡುಕು. ನಾಯಿ, ಬೆಕ್ಕು, ದನಕ್ಕೆ ಮನುಷ್ಯರ ತಲೆಹೇನು ಹತ್ತುವುದಿಲ್ಲ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ, ತಲೆಗೆ ತಲೆ ತಾಗಿದಾಗ ಹರಿದು ದಾಟುತ್ತದೆ. ಹಾಗಾಗಿ ಇಡೀ ದಿನ ಹಾಸಿಗೆ ತೊಳೆದು ಸುಸ್ತಾಗಿ ಬಾಚುವುದನ್ನು ನಾಳೆಗೆ ಹಾಕುವುದಕ್ಕಿಂತ ಆ ಹೊತ್ತನ್ನು ಬಾಚಣಿಗೆಗೆ ಕೊಡಿ.

ಅಂಕೋಲಾ ಟೀಚರ್

ಶಾಲೆಯ ಕಡೆಯಿಂದ ಎರಡು ಮಾತು. ಹೇನು ಕಂಡ ಮಗುವನ್ನು ಮನೆಗೆ ಕಳಿಸಬೇಕಿಲ್ಲ, ಬೇರೆ ಬೆಂಚಿಗೆ ಕೂರಿಸಬೇಕಿಲ್ಲ. ಕಾಣುವ ಹೊತ್ತಿಗೆ ತಿಂಗಳಾಗಿರುತ್ತದೆ, ಆ ದಿನ ಕಳಿಸಿ ಏನೂ ಉಳಿಯುವುದಿಲ್ಲ. ಪಾಲಕರಿಗೆ ಗುಟ್ಟಾಗಿ ತಿಳಿಸಿ, ಆ ತರಗತಿಯ ಎಲ್ಲ ಮನೆಗೂ ಒಂದೇ ದಿನ ಚೀಟಿ ಕಳಿಸಿ, ಹೆಸರು ಬರೆಯದೆ. ಹೇನಿಗೂ ಕೊಳಕಿಗೂ ಸಂಬಂಧವಿಲ್ಲ, ದಿನಾ ಮೀಯುವ ತಲೆಗೂ ಹತ್ತುತ್ತದೆ. ತರಗತಿಯಲ್ಲಿ ಮಗುವನ್ನು ಎಬ್ಬಿಸಿ ಹೇಳಿದರೆ ಆ ಮಗು ಮುಂದಿನ ಸಲ ತುರಿಸದೆ ಮುಚ್ಚಿಡುತ್ತದೆ.

ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ) ಹತ್ತಿರ ಬಂದಾಗ ನೃತ್ಯದ ಚೌರಿ, ಕಿರೀಟ, ಜಡೆಬಿಲ್ಲೆ ಒಂದು ತಲೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಬಾಡಿಗೆಗೆ ತಂದದ್ದನ್ನು ಮೂರು ದಿನ ಮೊದಲೇ ತಂದು ಕಟ್ಟಿಟ್ಟರೆ ಆಯಿತು. ಶಾಲೆಗೆ ಬರುವಾಗ ಬಿಗಿಯಾಗಿ ಎರಡು ಜಡೆ, ಮಡಚಿ ಕಟ್ಟಿದ್ದು. ಮುಡಿದ ಅಬ್ಬಲಿಗೆ ದಂಡೆಯನ್ನು ಗೆಳತಿಗೆ ಮುಡಿಸುವುದು ಬೇಡ.

ಕುಮಟಾ ಹಾಸ್ಟೆಲ್

40 ಹುಡುಗಿಯರ ಹಾಸ್ಟೆಲ್. ಕೆಲವರಿಗೆ ಹಾಕುತ್ತೇವೆ, ಉಳಿದವರಿಂದ ಮತ್ತೆ ಹತ್ತುತ್ತದೆ. ಎಲ್ಲರಿಗೂ ಔಷಧಿ ಹಾಕಿಬಿಡುವುದೇ?

ಕಾರವಾರ ನರ್ಸ್

ಬೇಡ. ಒಂದು ಭಾನುವಾರ ಬೆಳಿಗ್ಗೆ 40 ತಲೆಯನ್ನೂ ಒದ್ದೆ ಬಾಚಿ ನೋಡಿ. ಪರೀಕ್ಷೆಗೆ ಒಂದು ತಲೆಗೆ ಹತ್ತು ನಿಮಿಷ ಎಂದರೂ ನಾಲ್ಕು ಜನ ದೊಡ್ಡವರು ಕೂತರೆ ನೂರು ನಿಮಿಷಕ್ಕೆ ಮುಗಿಯುತ್ತದೆ. ಜೀವಂತ ಹೇನು ಸಿಕ್ಕವರ ಪಟ್ಟಿ ಮಾಡಿ, ಅವರಿಗೂ ಅವರ ಹಾಸಿಗೆ ಹಂಚಿಕೊಂಡವರಿಗೂ ಅದೇ ದಿನ ಔಷಧಿ. ಮುಂದಿನ ವಾರದ ಸೋಮವಾರ 9ನೇ ದಿನ, ಆ ದಿನ ಎರಡನೇ ಸಲ. ಆ ದಿನವೂ 40 ತಲೆ ನೋಡಬೇಕು. ಒಬ್ಬೊಬ್ಬರಿಗೆ ಒಂದೊಂದು ದಿನ ಮಾಡಿದ್ದರಿಂದಲೇ ಮತ್ತೆ ಹತ್ತಿದ್ದು. ರಾತ್ರಿ ಮಲಗುವಾಗ ಒಬ್ಬಳ ತಲೆಯ ಕಡೆ ಪಕ್ಕದವಳ ಕಾಲು ಬರುವ ಹಾಗೆ ಹಾಸಿಗೆ ಹಾಕಿ. ಸ್ಟೀಲ್ ಬಾಚಣಿಗೆ ನಾಲ್ಕಾದರೂ ಬೇಕು, ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಬಿಸಿನೀರು. ತಲೆಯಲ್ಲಿ ಕೀವು, ಹಳದಿ ಹಕ್ಕಳೆ, ಕತ್ತಿನ ಹಿಂದೆ ಗಂಟು, ಜ್ವರ ಇರುವವರಿಗೆ ಹೇನಿನ ಔಷಧಿ ಹಚ್ಚುವ ಮೊದಲು ತಾಲೂಕು ಆಸ್ಪತ್ರೆಗೆ ತೋರಿಸಿ. ಕೆರೆದ ಗಾಯಕ್ಕೆ ಸೋಂಕಾಗಿದೆ, ಅದಕ್ಕೆ ಬೇರೆ ಚಿಕಿತ್ಸೆ.

ಯಲ್ಲಾಪುರ ಪಾಲಕಿ

ವೈದ್ಯರನ್ನು ಕೇಳಿ, ಎಣ್ಣೆ ತೆಗೆದು ಎರಡು ಬಾಟ್ಲಿ ಹಾಕಿದೆವು. 5ನೇ ದಿನ ಎಂಟು ಮರಿ, 9ನೇ ದಿನ ಔಷಧಿಯ ಮೊದಲು ಬಾಚಿದಾಗ ಮೂರು, 13ರಂದು ಸೊನ್ನೆ. ಅತ್ತೆಯ ತಲೆಯಲ್ಲಿ ಎರಡು ಸಿಕ್ಕಿ ಅವರಿಗೂ ಹಾಕಿದೆವು. ಆದರೆ ಮಗಳು ಇನ್ನೂ ತುರಿಸುತ್ತಾಳೆ, ಬಿಳೀ ಸೀರು ಕೂದಲ ತುಂಬ ಕಾಣುತ್ತಿವೆ. ಮತ್ತೆ ಹಾಕಬೇಕೇ?

ಶಿರಸಿ ತೋಟದಮನೆ

ಬೇಡ. ತುರಿಕೆ ಹೇನಿನ ಜೊಲ್ಲಿಗೆ ಬರುವ ಅಲರ್ಜಿ, ಹೇನು ಹೋದ ಮೇಲೂ ಕೆಲವು ವಾರ ಉಳಿಯಬಹುದು. ಸೀರು ಎಲ್ಲಿದೆ ನೋಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಬುಡದಿಂದ 1 ಸೆಂ.ಮೀ. ಆಚೆ ಇರುವುದೆಲ್ಲ ಹಳೆಯ ಖಾಲಿ ಚಿಪ್ಪು. ಜೀವ ಇರುವುದು ಹಳದಿ ಮಿಶ್ರಿತ ಕಂದು, ಖಾಲಿಯದ್ದು ಬಿಳಿ. ಎರಡು ಉಗುರಿನ ನಡುವೆ ಒತ್ತಿದರೆ ಟಿಕ್ ಎಂದು ಒಡೆಯುವುದರಲ್ಲಿ ಏನೋ ಇತ್ತು, ಖಾಲಿ ಚಿಪ್ಪು ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ಹೊಟ್ಟು ಆದರೆ ಊದಿದರೆ ಹಾರುತ್ತದೆ, ಸೀರು ಕೂದಲಿನ ಒಂದೇ ಬದಿಗೆ ಓರೆಯಾಗಿ ಅಂಟಿ ಕೂತಿರುತ್ತದೆ.

ನೋಡಲು ಬೇಸರವಾದರೆ ಹೆಬ್ಬೆರಳು ಮತ್ತು ತೋರುಬೆರಳ ಉಗುರಿನಲ್ಲಿ ಸೀರಿನ ಮೇಲಿಂದ ಕೂದಲನ್ನು ಬಿಗಿ ಹಿಡಿದು ತುದಿಯವರೆಗೆ ಎಳೆಯಿರಿ, ಜಾರಿ ಬರುತ್ತದೆ. ವಿನೆಗರ್, ಲಿಂಬೆರಸ ಹಾಕಿದರೆ ಆ ಅಂಟು ಕರಗುವುದಿಲ್ಲ, ಕೆರೆದ ಗಾಯ ಉರಿಯುತ್ತದೆ ಅಷ್ಟೆ. ದಿನಕ್ಕೆ ಹದಿನೈದು ನಿಮಿಷ ಜಗಲಿಯಲ್ಲಿ ಕೂತು ತೆಗೆದರೆ ವಾರದಲ್ಲಿ ಕಿವಿ ಹಿಂದಿನದು ಮುಗಿಯುತ್ತದೆ. 17ನೇ ದಿನ ಬಿಳೀ ಬಟ್ಟೆ ಇಟ್ಟುಕೊಂಡು ಒಂದು ಸುತ್ತು ಬಾಚಿ. ದೊಡ್ಡ ಹೇನು ಸಿಕ್ಕರೆ ಬೇರೆ ಯಾರದೋ ತಲೆಯಿಂದ ಹೊಸದಾಗಿ ಹತ್ತಿದೆ, ಅವಳ ಆಟದ ಗೆಳತಿಯರ ಮನೆಗೆ ಹೇಳಿ. ಬರೀ ಮರಿ ಸಿಕ್ಕರೆ ನಡುವೆ ಎಲ್ಲೋ ಸೀರು ಉಳಿದಿತ್ತು, ನಾಲ್ಕು ದಿನಕ್ಕೊಮ್ಮೆ ಬಾಚುವುದನ್ನು ಇನ್ನೊಂದು ಸುತ್ತು ಮುಂದುವರಿಸಿ.